ಹೆಸರ ಎಲ್ಲೈತೋ ತಮ್ಮಾ?

ದಸರೆಯ ರಜೆಯಲ್ಲಿ ಹಾನಗಲ್ಲಿಗೆ ಹೋಗಿದ್ದೆ. ಹಳೆಯ ಸ್ನೇಹಿತರ ಮನೆ. ಚಹ ಕುಡಿದು ಕಪ್ಪು ಕೆಳಗಿಡುವ ಮೊದಲೇ ಅವರ ದೂರು ಶುರುವಾಯಿತು. ಮಗ ಒಂಬತ್ತನೆಯ ತರಗತಿ. ಬರುವ ವರ್ಷ ಎಸ್ಸೆಸ್ಸೆಲ್ಸಿ. ಹುಡುಗ ಮಾತ್ರ ದಿನಾ ಸಂಜೆ ಎರಡು ತಾಸು ಕಂಪ್ಯೂಟರಿನ ಮುಂದೆ ಕೂತು ಎಂಥದೋ ಚಿತ್ರ ಮಾಡುತ್ತಾನಂತೆ. "ನಾ ಹೇಳಿ ಹೇಳಿ ಸಾಕಾಗೇತಿ. ನೀವಾದ್ರೂ ಒಂದ್ ಮಾತು ಹೇಳ್ರಿ," ಎಂದರು.

ಹುಡುಗನನ್ನು ಕರೆದು, ಮಾಡಿದ್ದನ್ನು ತೋರಿಸು ಎಂದೆ. ಬೈಸಿಕೊಳ್ಳಲು ಸಿದ್ಧನಾಗಿ ಬಂದವನಿಗೆ ಇದು ಅನಿರೀಕ್ಷಿತ. ಉತ್ಸಾಹದಿಂದ ಕಂಪ್ಯೂಟರ್ ಹಚ್ಚಿದ. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಪರಿಚಯ. ಪ್ರತಿ ಊರಿನ ಪುಟದ ತಲೆಗೆ ಒಂದೊಂದು ಹೆಸರಿನ ಪಟ್ಟಿ ಬೇಕು. ಉದ್ದಕ್ಕೆ ಒಂದು ಗೇಣು, ಎತ್ತರಕ್ಕೆ ಮೂರು ಬೆರಳು. ಅದರೊಳಗೆ ಒಂದು ಚಿತ್ರ, ಒಂದು ಹೆಸರು. ಇಂಥದೇ ಪಟ್ಟಿಗಳನ್ನು ಈಗಿನ ಹುಡುಗರು ತಮ್ಮ ಹೆಸರಿಗೂ ಮಾಡಿಕೊಂಡು, ಕಳಿಸುವ ಸಂದೇಶದ ಕೊನೆಗೆ ರುಜುವಿನ ಹಾಗೆ ಅಂಟಿಸುತ್ತಾರೆ.

ಮೊದಲನೆಯದು ಹಾನಗಲ್ಲಿನದು. ಅದರಲ್ಲಿ ತಾರಕೇಶ್ವರ ಗುಡಿ ಇತ್ತು. ಗುಡಿಯ ಹಿಂದೆ ಸೂರ್ಯಾಸ್ತ, ಸೂರ್ಯಾಸ್ತದ ಮೇಲೆ ಮಿಂಚು, ಒಂದು ಮೂಲೆಯಲ್ಲಿ ಬೆಂಕಿ, ಇನ್ನೊಂದು ಮೂಲೆಯಲ್ಲಿ ಹದ್ದು, ನಡುವೆ ಫಳ್ಳೆಂದು ಹೊಳೆಯುವ ನಕ್ಷತ್ರ. ಅಕ್ಷರಗಳಿಗೆ ಚಿನ್ನದ ಬಣ್ಣ, ಸುತ್ತ ಕೆಂಪು ಅಂಚು, ಅದರಾಚೆ ನೀಲಿ ಪ್ರಭೆ, ಕೆಳಗೆ ಕಪ್ಪು ನೆರಳು.

ಪಡಸಾಲೆಯಲ್ಲಿ ಕೂತಿದ್ದ ಹುಡುಗನ ಅಜ್ಜ ಎದ್ದು ಬಂದರು. ಬಾಗಿಲ ಚೌಕಟ್ಟಿಗೆ ಕೈ ಊರಿ, ಅಲ್ಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಹೆಸರ ಎಲ್ಲೈತೋ ತಮ್ಮಾ?"

ಹುಡುಗನ ಮುಖ ಸಣ್ಣಗಾಯಿತು. ಆದರೆ ಆರಂಭದಲ್ಲಿ ಇಂಥ ಚಿತ್ರ ಮಾಡುವ ಪ್ರತಿಯೊಬ್ಬರೂ ಗೋಡೆಗೆ ಬರೆದು ಹಚ್ಚಬೇಕಾದ ಪ್ರಶ್ನೆ ಇದು. ಕೇಳಿದವರಿಗೆ ಕಂಪ್ಯೂಟರ್ ಗೊತ್ತಿಲ್ಲ. ಅವರು ನಲವತ್ತು ವರ್ಷ ಈ ಸೀಮೆಯ ಅಂಗಡಿಗಳಿಗೆ ಬೋರ್ಡು ಬರೆದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತಿತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದಾಗ ಮತ್ತೆ ಯಾರಾದರೂ ಕರೆದಾರೆಂದು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದರಂತೆ. ಯಾರೂ ಕರೆಯಲಿಲ್ಲ. ತನ್ನ ಅನ್ನ ಕಸಿದ ಯಂತ್ರದ ಮುಂದೆ ಮೊಮ್ಮಗ ಕೂತಿದ್ದು ಅವರಿಗೆ ಹೇಗೆ ಕಂಡಿತ್ತೋ, ಅಲ್ಲಿಯವರೆಗೆ ಅವರು ಅದರ ಬಗ್ಗೆ ಏನೂ ಹೇಳಿರಲಿಲ್ಲ ಎಂದು ಸ್ನೇಹಿತರು ಆಮೇಲೆ ತಿಳಿಸಿದರು.

ಆ ದಿನ ಮತ್ತು ಮರುದಿನ ನಾವು ಮೂವರೂ ಆ ನಾಲ್ಕು ಪಟ್ಟಿಗಳ ಮುಂದೆ ಕೂತೆವು. ಅಲ್ಲಿ ನಡೆದ ಮಾತುಕತೆಯ ಸಾರವನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಇಲ್ಲಿ ಹೇಳುತ್ತಿದ್ದೇನೆ.

ಅಂಕಿತದ ಪಾಠ

ಹೆಸರಿನ ಪಟ್ಟಿ ಎಂದರೇನು? ನಮ್ಮವರಿಗೆ ಇದು ಹೊಸದಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಪ್ರತಿ ಕೀರ್ತನೆಯ ಕೊನೆಗೆ ಕಾಗಿನೆಲೆಯ ಆದಿಕೇಶವನ ಹೆಸರಿಟ್ಟರು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಹೆಸರು ಹೊಂದಿಕೊಂಡಿರುವ ಸರ್ವಜ್ಞ, ತ್ರಿಪದಿಯ ಕೊನೆಗೆ ಒಂದೇ ಪದದ ಅಂಕಿತ ಹಾಕಿದ. ಅಂಕಿತದ ಗುಣ ನೋಡಿ. ಅದು ಚಿಕ್ಕದು. ಪ್ರತಿಸಲವೂ ಅದೇ. ಹೇಳಿದ ಮಾತಿಗಿಂತ ಜೋರಾಗಿ ಕೂಗುವುದಿಲ್ಲ. ಆದರೆ ಕೇಳಿದ ಕೂಡಲೇ ಇದು ಯಾರದೆಂದು ತಿಳಿಯುತ್ತದೆ.

ಹೆಸರಿನ ಪಟ್ಟಿಯ ಕೆಲಸವೂ ಇಷ್ಟೇ. ಹೆಸರು ತಿಳಿಯಬೇಕು, ಒಂದು ಭಾವ ಉಳಿಯಬೇಕು. ಇದನ್ನು ಒಪ್ಪಿಕೊಂಡರೆ ಮುಂದಿನ ಪಾಠಗಳೆಲ್ಲ ಸುಲಭ. ಕಲಿಯುವವರು ಚಿತ್ರ ಚೆನ್ನಾಗಲಿಲ್ಲ ಎನಿಸಿದಾಗಲೆಲ್ಲ ಇನ್ನೊಂದನ್ನು ಸೇರಿಸುತ್ತಾರೆ. ನುರಿತವರು ಒಂದನ್ನು ತೆಗೆಯುತ್ತಾರೆ.

ಹಾನಗಲ್: ಕಣ್ಣು ಎಲ್ಲಿ ನಿಲ್ಲಬೇಕು?

"ನಿನ್ನ ಗುಡಿಯಲ್ಲಿ ನಿನಗೆ ಬಹಳ ಸೇರಿದ್ದು ಯಾವುದು?" ಎಂದು ಹುಡುಗನನ್ನು ಕೇಳಿದೆ. "ಒಳಗ ಮಾಳಿಗಿ ಮ್ಯಾಲಿನ ಕಮಲ, ಕಾಕಾ," ಎಂದ. "ಮತ್ತೆ ಅದೇ ಇಲ್ಲವಲ್ಲ?" ಎಂದರೆ ಉತ್ತರವಿಲ್ಲ.

ತಾರಕೇಶ್ವರ ಗುಡಿ ಚಾಲುಕ್ಯ, ಕದಂಬರ ಕಾಲದ್ದು. ಅದರ ಮಂಟಪದ ಮಧ್ಯದಲ್ಲಿ ನಿಂತು ತಲೆ ಎತ್ತಿದರೆ, ಸುತ್ತು ಸುತ್ತಾಗಿ ಕಿರಿದಾಗುತ್ತ ಮೇಲೇರುವ ಕಲ್ಲಿನ ಬಳೆಗಳು ಕಾಣುತ್ತವೆ. ನಟ್ಟನಡುವೆ ಕೆಳಮುಖವಾಗಿ ತೂಗಿದ ಕಮಲ. ಪ್ರತಿ ಬಳೆಯಲ್ಲೂ ಕೆತ್ತನೆಯಿದೆ. ಆದರೂ ಕಣ್ಣು ತಡವರಿಸುವುದಿಲ್ಲ, ನೇರವಾಗಿ ಕಮಲಕ್ಕೆ ಹೋಗಿ ನಿಲ್ಲುತ್ತದೆ. ಏಕೆಂದರೆ ಆ ಬಳೆಗಳೆಲ್ಲ ಕಮಲದತ್ತ ದಾರಿ ತೋರಿಸುವ ಕೆಲಸ ಮಾಡುತ್ತಿವೆ. ತಾವೇ ಮುಖ್ಯವೆಂದು ಯಾವುದೂ ಜಗಳಕ್ಕೆ ನಿಂತಿಲ್ಲ.

ಚಿತ್ರದಲ್ಲಿ ಕಣ್ಣು ನಿಲ್ಲಲು ಒಂದೇ ಜಾಗ ಇರಬೇಕು. ಪಟ್ಟಿ ಅಡ್ಡಲಾಗಿ ಉದ್ದವಿರುವುದರಿಂದ ಅದನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ಒಂದು ಪಾಲಿನಲ್ಲಿ ಚಿತ್ರದ ಮುಖ್ಯ ವಸ್ತು, ಉಳಿದ ಎರಡು ಪಾಲಿನಲ್ಲಿ ಸದ್ದಿಲ್ಲದ ಹಿನ್ನೆಲೆ. ಹೆಸರು ಕೂರುವುದು ಈ ಶಾಂತವಾದ ಜಾಗದಲ್ಲಿ. ನಮ್ಮ ಹುಡುಗ ಬೆಂಕಿ, ಮಿಂಚು, ಹದ್ದು, ನಕ್ಷತ್ರಗಳನ್ನು ಒಂದೊಂದಾಗಿ ತೆಗೆದ. ತೆಗೆಯುವಾಗ ಸ್ವಲ್ಪ ಸಂಕಟವಾಯಿತು. ಹದ್ದನ್ನು ಕತ್ತರಿಸಲು ಎರಡು ಸಂಜೆ ಕಳೆದಿದ್ದನಂತೆ. ಆದರೆ ಪಟ್ಟ ಕಷ್ಟಕ್ಕೂ ಚಿತ್ರಕ್ಕೆ ಬೇಕಾದುದಕ್ಕೂ ಸಂಬಂಧವಿಲ್ಲ. ಎಡಕ್ಕೆ ಅರ್ಧ ಕಮಲ, ಬಲಕ್ಕೆ ನೆರಳಿನ ಕಲ್ಲು, ಅದರ ಮೇಲೆ ಹೆಸರು. ಕೆಲಸ ಮುಗಿಯಿತು.

ಸವಣೂರು: ದೊಡ್ಡದನ್ನು ಚಿಕ್ಕದರಲ್ಲಿ ತೋರಿಸುವುದು

ಸವಣೂರೆಂದರೆ ಎಲೆ, ಖಾರ, ನವಾಬರು. ಜೊತೆಗೆ ದೊಡ್ಡಹುಣಸೆ ಮರಗಳು. ಆಫ್ರಿಕದ ಮೂಲದ ಈ ಮರಗಳ ಕಾಂಡವನ್ನು ಏಳೆಂಟು ಜನ ಕೈ ಕೈ ಹಿಡಿದು ನಿಂತರೂ ಸುತ್ತುವುದು ಕಷ್ಟ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾದಾಗ ಊರವರಿಗಾದ ಸಂಕಟ, ಅದನ್ನು ಮತ್ತೆ ಎತ್ತಿ ನೆಟ್ಟ ಸಾಹಸ ಪತ್ರಿಕೆಗಳಲ್ಲಿ ಬಂದಿತ್ತು.

ಹುಡುಗ ಇಡೀ ಮರದ ಫೋಟೋ ತೆಗೆದು ಪಟ್ಟಿಯೊಳಗೆ ಇಳಿಸಿದ್ದ. ಅಂಥ ಮರ ಕೊತ್ತಂಬರಿ ಸಿವುಡಿನಂತೆ ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪರದೆಯ ಚಿತ್ರ ಚಿಕ್ಕ ಚಿಕ್ಕ ಚುಕ್ಕಿಗಳಿಂದ ಆದದ್ದು. ಈ ಚುಕ್ಕಿಗೇ ಪಿಕ್ಸೆಲ್ ಎಂಬ ಹೆಸರು. ಮೊಬೈಲಿನಲ್ಲಿ ತೆಗೆದ ಫೋಟೋ ಅಗಲಕ್ಕೆ 4,000, ಎತ್ತರಕ್ಕೆ 3,000 ಚುಕ್ಕಿಗಳದ್ದಾದರೆ ಒಟ್ಟು 1 ಕೋಟಿ 20 ಲಕ್ಷ. ಹುಡುಗನ ಪಟ್ಟಿ ಅಗಲಕ್ಕೆ 500, ಎತ್ತರಕ್ಕೆ 150. ಒಟ್ಟು 75,000. ಅಂದರೆ 160 ಚುಕ್ಕಿಗಳಲ್ಲಿದ್ದ ವಿವರ ಒಂದೇ ಚುಕ್ಕಿಗೆ ಇಳಿಯಬೇಕು. ಎಲೆಗಳು, ತೊಗಟೆಯ ಗೆರೆಗಳು ಎಲ್ಲಿ ಉಳಿದಾವು?

ಇದಕ್ಕೆ ಪರಿಹಾರ ಕತ್ತರಿಸುವುದು. ಇಡೀ ಮರ ಬೇಡ, ಕಾಂಡ ಸಾಕು. ಕಾಂಡ ಪಟ್ಟಿಯ ಮೇಲಂಚನ್ನೂ ಕೆಳಅಂಚನ್ನೂ ದಾಟಿ ಹೋಗಲಿ. ಉಳಿದದ್ದನ್ನು ನೋಡುವವನ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಬುಡದ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ ಇನ್ನೂ ಒಳ್ಳೆಯದು. ಮರ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ಇದರ ಜೊತೆಗೆ ಮೂರು ಸಣ್ಣ ನಿಯಮಗಳಿವೆ. ಕೆಲಸ ಶುರು ಮಾಡುವ ಮೊದಲೇ ಪಟ್ಟಿಯ ಅಳತೆ ನಿಶ್ಚಯಿಸಿಕೊಳ್ಳಿ. ಚಿಕ್ಕ ಚಿತ್ರವನ್ನು ಎಳೆದು ದೊಡ್ಡದು ಮಾಡಬೇಡಿ. ಇಲ್ಲದ ಚುಕ್ಕಿಗಳನ್ನು ಯಂತ್ರ ಊಹಿಸಿ ತುಂಬುವುದರಿಂದ ಚಿತ್ರ ಕಲಸಿದಂತಾಗುತ್ತದೆ. ದೊಡ್ಡದನ್ನು ಚಿಕ್ಕದು ಮಾಡಿದ ಮೇಲೆ, ಅಂಚುಗಳನ್ನು ಚೂಪು ಮಾಡುವ ಶಾರ್ಪನ್ ಎಂಬ ಸೌಲಭ್ಯವನ್ನು ಒಂದೇ ಸಲ, ಹಗುರವಾಗಿ ಬಳಸಿ. ಎರಡು ಸಲ ಬಳಸಿದರೆ ಮರಳು ಚೆಲ್ಲಿದಂತೆ ಕಾಣುತ್ತದೆ.

ಶಿಗ್ಗಾವಿ: ನವಿಲಿಗೆ ನವಿಲೇ ವೈರಿಯಾದದ್ದು

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ. ಅಲ್ಲೇ ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ನಗರೇಶ್ವರ ದೇವಾಲಯವೂ ಇದೆ. ಹುಡುಗ ಆರಿಸಿಕೊಂಡದ್ದು ನವಿಲು. ಸರಿಯಾದ ಆಯ್ಕೆಯೇ. ಆದರೆ ನವಿಲಿನ ನೀಲಿ ಸಾಲದೆಂದು ಬಣ್ಣದ ತೀಕ್ಷ್ಣತೆಯನ್ನು ಕೊನೆಯವರೆಗೂ ಏರಿಸಿದ್ದ. ಹುಲ್ಲು ಗಿಳಿಹಸಿರು, ಕಲ್ಲು ಕಿತ್ತಳೆ, ಆಕಾಶ ನೇರಳೆ. ಎಲ್ಲವೂ ಮೆರೆಯಲು ಹೋಗಿ ನವಿಲೇ ಕಾಣೆಯಾಗಿತ್ತು.

ಕೋಟೆಯೊಳಗೆ ನಿಜವಾದ ನವಿಲನ್ನು ನೋಡಿ. ಅದರ ಕತ್ತಿನ ನೀಲಿ ಅಷ್ಟು ಎದ್ದು ಕಾಣುವುದು ಸುತ್ತಲಿನ ಒಣಹುಲ್ಲು, ಮಾಸಿದ ಕಲ್ಲು, ದೂಳು ಹಿಡಿದ ಜಾಲಿಗಳಿಂದ. ಮಂಕಾದ ಬಣ್ಣಗಳ ನಡುವೆ ಒಂದು ಬಣ್ಣ ಉಜ್ವಲವಾಗಿರುತ್ತದೆ. ಕಂಪ್ಯೂಟರ್ ನಮಗೆ 1,67,77,216 ಬಣ್ಣಗಳನ್ನು ಕೊಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ ಪ್ರತಿಯೊಂದಕ್ಕೂ 256 ಮೆಟ್ಟಿಲು. 256ನ್ನು ಮೂರು ಸಲ ಇಟ್ಟು ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಹಾಗೆಂದು ಎಲ್ಲವನ್ನೂ ಬಳಸಬೇಕಾಗಿಲ್ಲ. ಅಡುಗೆಮನೆಯ ಡಬ್ಬಿಗಳಲ್ಲಿ ಇದ್ದದ್ದನ್ನೆಲ್ಲ ಸಾರಿಗೆ ಹಾಕುತ್ತೇವೆಯೇ?

ಒಂದು ಪಟ್ಟಿಗೆ ಎರಡು ಬಣ್ಣ, ಜೊತೆಗೆ ಒಂದು ತಿಳಿ ಅಥವಾ ಒಂದು ಗಾಢ ಛಾಯೆ. ಇಷ್ಟರಲ್ಲಿ ನಿಲ್ಲಿಸಿ. ಅಕ್ಷರಕ್ಕೆ ಯಾವ ಬಣ್ಣ ಕೊಡಲಿ ಎಂದು ಹೊರಗೆ ಹುಡುಕಬೇಡಿ, ಚಿತ್ರದಲ್ಲೇ ಇರುವ ಬಣ್ಣವನ್ನು ಎತ್ತಿಕೊಳ್ಳಿ. ಬಣ್ಣ ಹೆಕ್ಕುವ ಪಿಚಕಾರಿಯಂಥ ಗುರುತು ಎಲ್ಲ ಸಾಫ್ಟ್‌ವೇರುಗಳಲ್ಲೂ ಇರುತ್ತದೆ. ಒಣಹುಲ್ಲಿನ ತಿಳಿಹಳದಿಯನ್ನು ಹೆಕ್ಕಿ ಹೆಸರಿಗೆ ಕೊಟ್ಟಾಗ, ಆ ಹೆಸರು ಬಂಕಾಪುರದ ಬಿಸಿಲಿನಲ್ಲೇ ಬರೆದಂತೆ ಕಂಡಿತು.

ಹೆಸರು ಎದ್ದು ಕಾಣುತ್ತದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಪಟ್ಟಿಯ ಒಂದು ಪ್ರತಿ ಮಾಡಿ ಅದನ್ನು ಕಪ್ಪುಬಿಳುಪಿಗೆ ಬದಲಿಸಿ. ಆಗಲೂ ಹೆಸರು ಸ್ಪಷ್ಟವಾಗಿ ಓದಲು ಬಂದರೆ ಸರಿ. ಕೆಂಪಿನ ಮೇಲೆ ಹಸಿರು ಬರೆದಾಗ ಬಣ್ಣ ಬೇರೆಯಾದರೂ ಬೆಳಕಿನ ಪ್ರಮಾಣ ಒಂದೇ ಆಗಿರುವುದುಂಟು. ಕಪ್ಪುಬಿಳುಪಿನಲ್ಲಿ ಅಂಥ ಹೆಸರು ಮಾಯವಾಗುತ್ತದೆ. ಕೆಂಪು, ಹಸಿರುಗಳ ಭೇದ ಕಾಣದ ಜನರೂ ನಮ್ಮ ನಡುವೆ ಇದ್ದಾರೆ ಎಂಬುದನ್ನು ಮರೆಯಬಾರದು.

ಹಿರೇಕೆರೂರು: ಒಂದೇ ಸೂರ್ಯ

ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಆ ಪಟ್ಟಿಯಲ್ಲಿ ಸಂಜೆಯ ಕೆರೆ ಇತ್ತು, ಅದರ ಮೇಲೆ ಒಂದು ಬಿಳಿ ಕೊಕ್ಕರೆ. ಕೆರೆಯ ಫೋಟೋ ಹುಡುಗನ ಸೋದರಮಾವ ತೆಗೆದದ್ದು. ಕೊಕ್ಕರೆ ಇಂಟರ್‌ನೆಟ್ಟಿನಿಂದ ಹಾರಿ ಬಂದದ್ದು. ನೋಡಿದ ಕೂಡಲೇ ಎಲ್ಲೋ ಏನೋ ಸರಿಯಿಲ್ಲ ಎನಿಸುತ್ತಿತ್ತು, ಏನೆಂದು ಹೇಳಲು ಹುಡುಗನಿಗೆ ಬರುತ್ತಿರಲಿಲ್ಲ.

ಅಜ್ಜ ಹೇಳಿದರು: "ಕೆರಿಗೆ ಹೊತ್ತು ಬಲಕ್ಕೈತಿ, ಹಕ್ಕಿಗೆ ಎಡಕ್ಕೈತಿ. ಎರಡ್ ಸೂರ್ಯಾ ಎಲ್ಲಿಂದ ಬಂದ್ವೋ?"

ಬೇರೆ ಬೇರೆ ಫೋಟೋಗಳನ್ನು ಕೂಡಿಸುವಾಗ ಎಲ್ಲರೂ ಎಡವುವುದು ಇಲ್ಲಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ನೋಡಬೇಕು. ಹಕ್ಕಿಯನ್ನು ಎಡಬಲ ತಿರುಗಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧ ಬೆಳಕಿನ ಬಣ್ಣದ್ದು. ಸಂಜೆಯ ಬೆಳಕಿನಲ್ಲಿ ಬಿಳಿ ಕೊಕ್ಕರೆ ಬಿಳಿಯಾಗಿರುವುದಿಲ್ಲ. ಅದಕ್ಕೂ ಸ್ವಲ್ಪ ಕೆಂಪುಹಳದಿ ತಾಗಿರುತ್ತದೆ. ನೀರಿನ ಮೇಲಿದ್ದರೆ ಕೆಳಗೆ ಮಸುಕಾದ ಪ್ರತಿಬಿಂಬವೂ ಬೇಕು. ಅಕ್ಷರಕ್ಕೆ ನೆರಳು ಕೊಡುವುದಾದರೂ ಅದೇ ಸೂರ್ಯನ ಲೆಕ್ಕದಲ್ಲಿ, ಬೆಳಕಿಗೆ ವಿರುದ್ಧವಾಗಿ ಬೀಳಬೇಕು.

ಇನ್ನು ಕತ್ತರಿಸುವ ಕೆಲಸ. ಹಕ್ಕಿಯ ಸುತ್ತ ಹಳೆಯ ಹಿನ್ನೆಲೆಯ ತೆಳುವಾದ ಗೆರೆ ಉಳಿದುಬಿಡುತ್ತದೆ. ಆಯ್ಕೆ ಮಾಡಿದ ಮೇಲೆ ಅಂಚನ್ನು ಒಂದು ಚುಕ್ಕಿ ಒಳಕ್ಕೆ ಸರಿಸಿ, ಒಂದು ಚುಕ್ಕಿಯಷ್ಟು ಮೃದು ಮಾಡಿದರೆ ಅದು ಹೋಗುತ್ತದೆ. ರಬ್ಬರಿನಿಂದ ಅಳಿಸುವುದಕ್ಕಿಂತ ಮಾಸ್ಕ್ ಎಂಬ ಸೌಲಭ್ಯ ಕಲಿಯುವುದು ಮೇಲು. ಅದು ಚಿತ್ರವನ್ನು ಅಳಿಸುವುದಿಲ್ಲ, ಮುಚ್ಚಿಡುತ್ತದೆ. ತಪ್ಪಿದರೆ ಮತ್ತೆ ತೆರೆಯಬಹುದು.

ಆದರೆ ಕೊಕ್ಕರೆ ಯಾರದು? "ಗೊತ್ತಿಲ್ಲ ಕಾಕಾ, ಹುಡುಕಿದ್ರ ಸಿಕ್ತು," ಎಂದ. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗಾಯಿತು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಇದೆ. ಫೋಟೋ ತೆಗೆದವನಿಗೂ ಕವಿಯಷ್ಟೇ ಹಕ್ಕಿದೆ. ಬಳಸಲು ಅನುಮತಿ ಕೊಟ್ಟೇ ಇಟ್ಟಿರುವ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ನಂಥ ತಾಣಗಳಲ್ಲಿ ಸಿಗುತ್ತವೆ. ಅಲ್ಲಿಯೂ ತೆಗೆದವರ ಹೆಸರು ಹಾಕಿ ಎಂಬ ಷರತ್ತು ಬಹಳಷ್ಟು ಚಿತ್ರಗಳಿಗೆ ಇರುತ್ತದೆ. ನಿಮ್ಮ ಊರಿನ ಕೆರೆಯಲ್ಲೇ ಕೊಕ್ಕರೆ ಇರುವಾಗ ಬೆಳಿಗ್ಗೆ ಎದ್ದು ಹೋಗಿ ನೀವೇ ತೆಗೆಯುವುದು ಎಲ್ಲಕ್ಕಿಂತ ಲೇಸು. ನಿಮ್ಮ ಹೆಸರಿನ ಪಟ್ಟಿಯಲ್ಲಿ ಇನ್ನೊಬ್ಬರ ಸೊತ್ತಿದ್ದರೆ ಅದು ಯಾವ ಸೀಮೆಯ ಅಂಕಿತ?

ಅಕ್ಷರ: ಅಜ್ಜನ ಅಧ್ಯಾಯ

ಅಕ್ಷರದ ವಿಷಯ ಬಂದಾಗ ನಾನು ಸುಮ್ಮನೆ ಕೂತೆ, ಅಜ್ಜ ಕುರ್ಚಿ ಎಳೆದುಕೊಂಡರು.

ಬೋರ್ಡು ಬರೆಯುವ ಮೊದಲು ಅವರು ಸೀಮೆಸುಣ್ಣ ಬಳಿದ ದಾರವನ್ನು ಎಳೆದು ಬಿಟ್ಟು ಎರಡು ಗೆರೆ ಮೂಡಿಸುತ್ತಿದ್ದರಂತೆ. ಅಕ್ಷರದ ಮೈ ಆ ಗೆರೆಗಳ ನಡುವೆ. ತಲೆಯ ಮೇಲಿನ ಗುಡಿಸು, ಏತ್ವಗಳಿಗೆ ಮೇಲೆ ಬೇರೆ ಜಾಗ. ಒತ್ತಕ್ಷರಕ್ಕೆ ಕೆಳಗೆ ಬೇರೆ ಜಾಗ. ನಾಲ್ಕು ಊರಿನ ಹೆಸರುಗಳನ್ನೇ ಬರೆದು ನೋಡಿ. "ಸವಣೂರು" ಬಲಕ್ಕೆ ಬಾಲ ಚಾಚುತ್ತದೆ. "ಹಾನಗಲ್" ಕೊನೆಯಲ್ಲಿ ಮೇಲಕ್ಕೆ ಏಳುತ್ತದೆ. "ಹಿರೇಕೆರೂರು" ಉದ್ದವಾಗಿದೆ, ಆದರೆ ಕೆಳಗೆ ಒತ್ತಿಲ್ಲ. "ಶಿಗ್ಗಾವಿ" ಮೂರೇ ಅಕ್ಷರ, ಆದರೆ ಮೇಲೂ ಕೆಳಗೂ ಜಾಗ ಕೇಳುತ್ತದೆ. ನಾಲ್ಕಕ್ಕೂ ಒಂದೇ ಅಳತೆ ಹಾಕಿದ ಹುಡುಗನ ಪಟ್ಟಿಯಲ್ಲಿ ಶಿಗ್ಗಾವಿಯ ಗ-ಒತ್ತು ಅರ್ಧ ಕತ್ತರಿಸಿ ಹೋಗಿತ್ತು.

"ಅಕ್ಷರ ಬರಿಯೂದು ಯಾರಿಗರೆ ಬರತೈತಿ. ಅಕ್ಷರದ ನಡುವಿನ ಜಾಗಾ ಬರಿಯೂದು ಕಲೀಬೇಕು," ಎಂದರು ಅಜ್ಜ. ಅಕ್ಷರಗಳನ್ನು ಅಡ್ಡಕ್ಕೆ ಎಳೆದು ಹಿಗ್ಗಿಸಿದರೆ ಅಡ್ಡಗೆರೆ ತೆಳುವಾಗಿ, ನಿಂತ ಗೆರೆ ದಪ್ಪವಾಗಿ ಕನ್ನಡದ ದುಂಡು ಕೆಡುತ್ತದೆ. ಜಾಗ ತುಂಬಲು ಹಿಗ್ಗಿಸುವ ಬದಲು ಬಿಟ್ಟುಬಿಡುವುದೇ ಲೇಸು. ಕೂದಲೆಳೆಯಂಥ ಗೆರೆಯಿರುವ ಫಾಂಟು ಮದುವೆ ಕಾಗದಕ್ಕೆ ಚೆಂದ. ಮೂರು ಬೆರಳೆತ್ತರದ ಪಟ್ಟಿಯಲ್ಲಿ ಅದು ಕರಗಿಹೋಗುತ್ತದೆ. ಒಂದೇ ದಪ್ಪದ, ಸರಳವಾದ ಫಾಂಟು ತೆಗೆದುಕೊಳ್ಳಿ. ಒಂದು ಪಟ್ಟಿಗೆ ಒಂದೇ ಫಾಂಟು. ಪ್ರಭೆ, ಅಂಚು, ಉಬ್ಬು, ನೆರಳು ಇವುಗಳಲ್ಲಿ ಬೇಕಾದರೆ ಒಂದು.

ಕಂಪ್ಯೂಟರಿನ ಕಡೆಯಿಂದ ನನ್ನದೊಂದು ಮಾತು ಸೇರಿಸುತ್ತೇನೆ. ಕೆಲವು ಸಾಫ್ಟ್‌ವೇರುಗಳಲ್ಲಿ ಕನ್ನಡ ಟೈಪು ಮಾಡಿದರೆ ಒತ್ತಕ್ಷರ ಕೆಳಗಿಳಿಯದೆ "ಶಿಗ್‌ಗಾವಿ" ಎಂದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇದು ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸುವ ವ್ಯವಸ್ಥೆಯದ್ದು. ಫೋಟೋಶಾಪಿನ ಈಚಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯದ ಭಾಷೆಗಳಿಗೆಂದೇ ಒಂದು ಆಯ್ಕೆ ಇದೆ. ಅದನ್ನು ಆರಿಸಿದರೆ ಒತ್ತು ತನ್ನ ಜಾಗಕ್ಕೆ ಹೋಗುತ್ತದೆ. ಹಳೆಯ ಪದ್ಧತಿಯ ಫಾಂಟುಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದರಿಂದ ಯೂನಿಕೋಡಿನಲ್ಲೇ ಬರೆಯುವ ಅಭ್ಯಾಸ ಒಳ್ಳೆಯದು.

ಕೊನೆಗೆ ಅಜ್ಜನ ದೊಡ್ಡ ಗುಟ್ಟು. ಬೋರ್ಡು ಬರೆದ ಮೇಲೆ ಅವರು ನಿಚ್ಚಣಿಕೆ ಇಳಿದು, ರಸ್ತೆ ದಾಟಿ, ಎದುರಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಬೋರ್ಡು ಓದುವವರು ಅಲ್ಲಿರುತ್ತಾರೆಯೇ ಹೊರತು ನಿಚ್ಚಣಿಕೆಯ ಮೇಲಲ್ಲ. ನಮ್ಮ ಹುಡುಗರು ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಗಂಟೆಗಟ್ಟಲೆ ತಿದ್ದುತ್ತಾರೆ. ಆಗಾಗ ಅದನ್ನು ನಿಜವಾದ ಅಳತೆಗೆ ತಂದು, ಕುರ್ಚಿ ಹಿಂದೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡಬೇಕು. ಆಗ ಕಾಣುವುದೇ ನಿಜವಾದ ಚಿತ್ರ.

ಉಳಿಸಿಡುವುದು

ಹಿನ್ನೆಲೆ, ವಸ್ತು, ಹೆಸರು ಇವನ್ನು ಬೇರೆ ಬೇರೆ ಪದರಗಳಲ್ಲಿ, ಅಂದರೆ ಲೇಯರುಗಳಲ್ಲಿ ಇಡಿ. ನಾಳೆ ಹೆಸರಷ್ಟೇ ಬದಲಿಸಬೇಕಾದರೆ ಇಡೀ ಚಿತ್ರ ಕೆಡಿಸಬೇಕಿಲ್ಲ. ಪದರಗಳಿರುವ ಮೂಲ ಕಡತವನ್ನು ಸಾಫ್ಟ್‌ವೇರಿನ ಸ್ವಂತ ರೂಪದಲ್ಲೇ ಜೋಪಾನವಾಗಿಟ್ಟು, ಬಳಸಲು ಬೇರೆ ಪ್ರತಿ ತೆಗೆಯಿರಿ. ಫೋಟೋಗಳಿಗೆ ಜೆಪೆಗ್ ಸರಿ. ಆದರೆ ಗಾತ್ರ ಇಳಿಸಲು ಅದು ಕೆಲವು ವಿವರಗಳನ್ನು ಬಿಟ್ಟುಬಿಡುತ್ತದೆ. ತೆರೆದು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಅಕ್ಷರದ ಸುತ್ತ ಕೊಳೆಯಂಥ ಕಲೆ ಕಟ್ಟುತ್ತದೆ. ಹೆಸರಿರುವ ಪಟ್ಟಿಗೆ ಪಿಎನ್‌ಜಿ ಮೇಲು.

ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕೇ ಎಂದು ತಂದೆ ಕೇಳಿದರು. ಬೇಡ. ಗಿಂಪ್ ಎಂಬುದು ಉಚಿತವಾಗಿ ಸಿಗುತ್ತದೆ. ಮೇಲೆ ಹೇಳಿದ ಪದರ, ಮಾಸ್ಕ್, ಬಣ್ಣ ಹೆಕ್ಕುವುದು ಎಲ್ಲವೂ ಅದರಲ್ಲಿವೆ. 1995ರಲ್ಲಿ ಅಮೆರಿಕದ ಬರ್ಕಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪೀಟರ್ ಮ್ಯಾಟಿಸ್, ಸ್ಪೆನ್ಸರ್ ಕಿಂಬಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನು ತಮ್ಮ ಕಾಲೇಜಿನ ಪ್ರಾಜೆಕ್ಟಾಗಿ ಶುರು ಮಾಡಿದರು. ಮರುವರ್ಷ ಅದು ಎಲ್ಲರ ಕೈಗೆ ಬಂತು. ಪ್ರಾಜೆಕ್ಟನ್ನು ಹಗುರವಾಗಿ ಕಾಣುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ತಂದೆತಾಯಿಗಳಿಗೆ

ನಿಮ್ಮ ಚಿಂತೆ ಸುಳ್ಳಲ್ಲ. ಪರದೆಯ ಮುಂದೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಪರೀಕ್ಷೆ ಕಾಯುವುದಿಲ್ಲ. ಆದ್ದರಿಂದ ದಿನಕ್ಕೆ ಮುಕ್ಕಾಲು ಗಂಟೆ ಎಂದು ನಿಗದಿ ಮಾಡಿ, ಭಾನುವಾರ ಸ್ವಲ್ಪ ಹೆಚ್ಚು. ಆದರೆ ಆಟವಾಡುತ್ತ ಕೂಡುವುದಕ್ಕೂ ಒಂದನ್ನು ಮಾಡುತ್ತ ಕೂಡುವುದಕ್ಕೂ ವ್ಯತ್ಯಾಸವಿದೆ. ಬೈಯುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಚೆನ್ನಾಗಿದೆ ಎಂದು ಬೆನ್ನು ತಟ್ಟಿದರೆ ಸಾಲದು, ಚೆನ್ನಾಗಿಲ್ಲ ಎಂದರೂ ಸಾಲದು. ಅಜ್ಜನ ಹಾಗೆ ಒಂದು ಪ್ರಶ್ನೆ ಕೇಳಿ. ಕಣ್ಣು ಎಲ್ಲಿ ನಿಲ್ಲಬೇಕು? ಬೆಳಕು ಎಲ್ಲಿಂದ? ಹೆಸರು ಎಲ್ಲಿ?

ಆಸಕ್ತಿ ನಿಜವಾದದ್ದಾದರೆ ಮುಂದೆ ದಾರಿಯೂ ಇದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಈ ನಾಲ್ಕೂ ಊರುಗಳಿಗೆ ದೂರವೇನಲ್ಲ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳಲ್ಲೂ ದೃಶ್ಯಕಲೆಯಲ್ಲಿ ಪದವಿ ಓದಬಹುದು. ಆದರೆ ಅಲ್ಲಿಯೂ ಮೊದಲು ಕೇಳುವುದು ಪೆನ್ಸಿಲು ಹಿಡಿಯಲು ಬರುತ್ತದೆಯೇ, ನೋಡಲು ಬರುತ್ತದೆಯೇ ಎಂದು. ಹೀಗಾಗಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಚಿತ್ರದ ಪುಸ್ತಕವೂ ಇರಲಿ.

ವಿದ್ಯಾರ್ಥಿಗಳಿಗೆ ಈ ವಾರದ ಅಭ್ಯಾಸ: ನಿಮ್ಮ ಊರಿನ ಹೆಸರಿಗೆ ಒಂದು ಪಟ್ಟಿ ಮಾಡಿ. ನೀವೇ ತೆಗೆದ ಒಂದೇ ಫೋಟೋ, ಎರಡೇ ಬಣ್ಣ, ಒಂದೇ ಫಾಂಟು. ಮುಗಿಯಿತು ಎನಿಸಿದಾಗ ಅದರಿಂದ ಒಂದನ್ನು ತೆಗೆದುಹಾಕಿ. ಆಮೇಲೆ ಮನೆಯ ಹಿರಿಯರೊಬ್ಬರನ್ನು ಬಾಗಿಲ ಬಳಿ ನಿಲ್ಲಿಸಿ, ಓದಲು ಹೇಳಿ.

ದೀಪಾವಳಿಯ ಹೊತ್ತಿಗೆ ಹುಡುಗ ನಾಲ್ಕೂ ಪಟ್ಟಿಗಳನ್ನು ಹೊಸದಾಗಿ ಮಾಡಿ ನನಗೆ ಕಳಿಸಿದ್ದ. ಕಮಲ, ಕಾಂಡ, ನವಿಲು, ಕೆರೆ. ಕೊಕ್ಕರೆ ಇರಲಿಲ್ಲ, ಅದು ಇಲ್ಲದಿದ್ದರೂ ಕೆರೆ ತುಂಬಿತ್ತು. ಹೆಸರುಗಳು ನಿಚ್ಚಳವಾಗಿದ್ದವು. ಪ್ರತಿಯೊಂದರ ಕೆಳಗಿನ ಬಲಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಎರಡು ಅಕ್ಷರಗಳಿದ್ದವು. ಹುಡುಗನ ಹೆಸರಿನ ಮೊದಲಕ್ಷರ ಇರಬೇಕೆಂದುಕೊಂಡೆ. ಫೋನು ಮಾಡಿ ಕೇಳಿದಾಗ ಹೇಳಿದ: ಒಂದು ತನ್ನದು, ಇನ್ನೊಂದು ಅಜ್ಜನದು. ಬೋರ್ಡುಗಳ ಮೂಲೆಯಲ್ಲಿ ಅಜ್ಜ ಹಾಕುತ್ತಿದ್ದ ಅಕ್ಷರವನ್ನು, ಅದೇ ಬರಹದಲ್ಲಿ, ಅವರ ಕೈಯಿಂದಲೇ ಕಾಗದದ ಮೇಲೆ ಬರೆಸಿ ಫೋಟೋ ತೆಗೆದು ಇಳಿಸಿದ್ದನಂತೆ.

"ಅಜ್ಜ ಏನಂದರು?" ಎಂದು ಕೇಳಿದೆ.

"ಬಾಗಲ್ದಾಗ ನಿಂತು ನೋಡಿ, ನಾಲ್ಕೂ ಊರಿನ ಹೆಸರ ಓದಿದ್ರು ಕಾಕಾ. ಚಷ್ಮಾ ಇಲ್ಲದನ."